ತಟ್ಟಿ ನೋಡಬೇಕಾದ ಗೇಜು

ಭದ್ರಾವತಿಯ ಆ ಹಿರಿಯರು ಶಿವಮೊಗ್ಗದ ನನ್ನ ಗ್ಯಾರೇಜಿಗೆ ಮೂರನೇ ಸಲ ಬಂದಿದ್ದರು. ಆಕ್ಸಿಲರೇಟರ್ ಒತ್ತಿದರೆ ಸಾಕು, ಅವರ ಹಳೇ ಕಾರು ಮುಗ್ಗರಿಸುತ್ತಿತ್ತು. ಎರಡು ಸಲವೂ ಪೆಟ್ರೋಲಿನ ಪ್ರೆಷರ್ ಸೆಟ್ ಮಾಡಿ ಕಳಿಸಿದವನು ನಾನೇ, ಹಾಗಾಗಿ ಅವರ ಮುಖ ನೋಡೋಕೆ ನಾಚಿಕೆ. ಮತ್ತೆ ಗೇಜ್ ಜೋಡಿಸಿ, ಎಂಜಿನ್ ಚಾಲೂ ಮಾಡಿ, ರೆಗ್ಯುಲೇಟರಿನ ಸ್ಕ್ರೂ ತಿರುಗಿಸಿದೆ. ಮೇಲೇರಿದ ಮುಳ್ಳು ಇಳಿದು, ಇರಬೇಕಾದ ಮೂರಕ್ಕೆ ಸರಿಯಾಗಿ ಬಂದು ನಿಂತಿತು.

"ನೋಡಿ ಸಾರ್, ಕರೆಕ್ಟಾಗಿದೆ" ಅಂದೆ, ಸ್ವಲ್ಪ ಬಿರುಸಾಗೇ.

"ಗೇಜ್ ತಟ್ಟದೆ ಓದ್ತೀಯಲ್ಲೋ ಮಾರಾಯ!"

"ಇದು ನಿಮ್ಮ ಫ್ಯಾಕ್ಟರಿ ಬಾಯ್ಲರ್ ಅಲ್ಲ ಸಾರ್."

ರಿಟೈರ್ ಆಗೋವರೆಗೂ ಬಾಯ್ಲರ್ ಮುಂದೆ ನಿಂತವರು ಅವರು. ಬಗ್ಗಿ ಗೇಜಿನ ಗಾಜಿಗೆ ಉಗುರಿನಿಂದ ಎರಡು ಸಲ ತಟ್ಟಿದರು. ಅಂಟಿಕೊಂಡಿದ್ದ ಮುಳ್ಳು ಸರ್ರನೆ ಎರಡಕ್ಕೆ ಇಳಿಯಿತು. ಇಷ್ಟು ದಿನ ಎಂಜಿನ್ನಿಗೆ ಪೆಟ್ರೋಲೇ ಸಾಲುತ್ತಿರಲಿಲ್ಲ!

ಮತ್ತೆ ಸ್ಕ್ರೂ ತಿರುಗಿಸಿ, ಈ ಸಲ ತಟ್ಟಿ ನೋಡಿ ಮೂರಕ್ಕೆ ತಂದೆ. ಅವರೇ ನನ್ನ ಬೆನ್ನು ಸವರಿ, "ಬಿಡು, ಹೊಸದರಲ್ಲಿ ನಾನೂ ಮುಳ್ಳನ್ನ ಹಿಂಗೇ ನಂಬ್ತಿದ್ದೆ" ಅಂದರು.

ಈಗ ಡಿಜಿಟಲ್ ಗೇಜ್ ತಂದಿದ್ದೀನಿ. ಅದರಲ್ಲಿ ಅಂಟಿಕೊಳ್ಳೋಕೆ ಮುಳ್ಳೇ ಇಲ್ಲ. ಆದರೂ ಓದೋಕೆ ಮುಂಚೆ ಎರಡು ಸಲ ತಟ್ಟುತ್ತೀನಿ.