ಕಿಕ್ಕಿರಿದು ತುಂಬಿದ ಸಭಾಂಗಣ

ಹರಿಹರದ ಬಕ್ಕೇಶಪ್ಪನವರು ಮದುವೆಯಾಗಲಿಲ್ಲ. ಇಪ್ಪತ್ಮೂರನೆಯ ವಯಸ್ಸಿಗೇ ‘ಹೊಳೆಸಾಲು’ ಎಂಬ ನಾಲ್ಕು ಪುಟದ ದಿನಪತ್ರಿಕೆ ಹುಟ್ಟುಹಾಕಿದರು. ಹೆಂಡತಿ, ಮಕ್ಕಳು, ಜಗಳ ಎಲ್ಲ ಅದೇ ಆಯಿತು. ಮೊದಲೆಲ್ಲ ಅಚ್ಚಿನ ಮೊಳೆ ಜೋಡಿಸಿ ತಾವೇ ಮುದ್ರಿಸುತ್ತಿದ್ದರಂತೆ. ಈಚಿನ ಹದಿನೆಂಟು ವರ್ಷ ಅವರು ಅಲ್ಲಿಂದ ಸುದ್ದಿ ಕಳಿಸುವುದು, ನಾನು ದಾವಣಗೆರೆಯ ಪ್ರೆಸ್ಸಿನಲ್ಲಿ ಕೂತು ಪುಟ ಕಟ್ಟುವುದು. ನನ್ನ ಹೆಸರು ವಿಜಯಕುಮಾರ್. ಪತ್ರಿಕೆಯಲ್ಲಿ ಎಲ್ಲೂ ಬಂದಿಲ್ಲ, ಬಿಡಿ.

ನಮ್ಮಂಥ ಪತ್ರಿಕೆಗಳಿಗೆ ಒಂದು ಕೆಟ್ಟ ಚಾಳಿ ಇತ್ತು. ಪುಟ ಮಧ್ಯಾಹ್ನ ಮೂರು ಗಂಟೆಗೆ ಮುಗಿಯಬೇಕು, ಕಾರ್ಯಕ್ರಮಗಳೆಲ್ಲ ಸಂಜೆ. ಅದಕ್ಕೆ ಆಹ್ವಾನ ಪತ್ರಿಕೆ ನೋಡಿಕೊಂಡೇ ವರದಿ ಬರೆದುಬಿಡುವುದು. ‘ಉದ್ಘಾಟಿಸಿದರು’, ‘ಕರೆ ನೀಡಿದರು’, ‘ಕಿಕ್ಕಿರಿದು ತುಂಬಿದ ಸಭಾಂಗಣ’. ಹೆಚ್ಚುಕಮ್ಮಿಯಾದರೆ ಬೆಳಿಗ್ಗೆ ಜನ ಬಾಗಿಲಿಗೇ ಬಂದು ಗ್ರಹಚಾರ ಬಿಡಿಸುತ್ತಿದ್ದರು. ಒಮ್ಮೆ ಬಾರದ ಅತಿಥಿಯಿಂದ ವರದಿಯಲ್ಲಿ ಭಾಷಣ ಮಾಡಿಸಿದ್ದಕ್ಕೆ ಕುಕ್ಕುವಾಡದವರು ಟ್ರ್ಯಾಕ್ಟರಿನಲ್ಲಿ ಬಂದು ಬೈದು, ಚಹಾ ಕುಡಿದು ಹೋದರು. ಬಕ್ಕೇಶಪ್ಪನವರಿಗೆ ಅದೇ ಹಬ್ಬ.

ಕಳೆದ ವರ್ಷ ಪತ್ರಿಕೆಗೆ ಐವತ್ತು ತುಂಬಿತು. ಹರಿಹರದಲ್ಲಿ ಸಭಾಂಗಣ ಹಿಡಿದು ಸಮಾರಂಭ ಇಟ್ಟುಕೊಂಡರು. ವರದಿಯನ್ನು ಮಾಮೂಲಿನಂತೆ ಮಧ್ಯಾಹ್ನವೇ ಕಳಿಸಿದರು. ನಾನು ಪುಟ ಮುಗಿಸಿ ಬಸ್ಸು ಹತ್ತಿದೆ.

ಇನ್ನೂರು ಕುರ್ಚಿ. ಕೂತವರು ಮೂವರು: ನಾನು, ಪತ್ರಿಕೆ ಹಂಚುವ ಅಮೀರ್ ಜಾನ್, ಕಚೇರಿ ಕಸ ಗುಡಿಸುವ ಹೊನ್ನಕ್ಕ. ಭಾಷಣಕಾರರು ಏಳೂ ಜನ ಮಲೆಬೆನ್ನೂರಿನ ಯಾವುದೋ ಮದುವೆಗೆ ಹೋದರಂತೆ. ಬಕ್ಕೇಶಪ್ಪನವರು ಹೊಸ ಪಂಚೆ ಉಟ್ಟು ವೇದಿಕೆಯ ಮೇಲೆ ಬಾಗಿಲು ನೋಡುತ್ತಾ ಕೂತದ್ದು ಕಂಡು ನನಗೆ ಸಿಟ್ಟು ಬಂತು.

‘ವರದಿ ಏನ್ ಮಾಡಣ್ರಿ?’ ಅಂದೆ.

‘ಅಚ್ಚಾಗೈತೆ ಬಿಡಪ್ಪ. ಏಳು ಜನ ಮಾತಾಡಿದ್ರು ಅಂತ ಹಾಕೀವಿ. ತಾವು ಬಾಯಿ ಬಿಟ್ಟಿಲ್ಲ ಅಂತ ಅವ್ರಿಗೆ ಗೊತ್ತೈತಲ್ಲ. ಒಬ್ರಾದ್ರೂ ಫೋನ್ ಮಾಡಿ ಬೈದ್ರೆ ಸಾಕು, ಓದೋರು ಅದಾರೆ ಅಂತ ಪೇಪರ್ ನಡೆಸ್ತೀನಿ. ಇಲ್ಲಾಂದ್ರೆ ಯಾರಿಗಂತ ಮಾಡದು?’

ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಅವರೇ ತಿದ್ದುಪಡಿ ಬರೆದು ಕಳಿಸಿದರು: ‘ನಮ್ಮ ಸಮಾರಂಭಕ್ಕೆ ಮೂವರು ಮಾತ್ರ ಬಂದಿದ್ದರು. ತಪ್ಪು ವರದಿಗೆ ವಿಷಾದಿಸುತ್ತೇವೆ.’ ಮುಖಪುಟದ ನಡುವೆ ದಪ್ಪಕ್ಷರದಲ್ಲಿ ಕೂರಿಸಿದೆ. ಅದನ್ನೂ ಯಾರೂ ಕೇಳಲಿಲ್ಲ. ಊರಿಗೆ ಊರೇ ಕುರುಡಾಗಿದೆಯೇನೋ ಅನ್ನಿಸಿ, ನಾನೊಬ್ಬನೇ ಪ್ರೆಸ್ಸಿನಲ್ಲಿ ಗೊಣಗಿಕೊಂಡೆ.

ನಾಲ್ಕನೆಯ ದಿನ ಮೂರು ಗಂಟೆಯಾದರೂ ಸುದ್ದಿ ಬಾರದೆ ನಾನೇ ಫೋನ್ ಮಾಡಿದೆ.

‘ಬ್ಯಾಡ ವಿಜಯ, ಇನ್ನು ಕಳ್ಸಲ್ಲ,’ ಅಂದರು.

ಅಮೀರ್ ಜಾನ್ ಈಗಲೂ ಅದೇ ಬೀದಿಗಳಲ್ಲಿ ಬೇರೆ ಪತ್ರಿಕೆ ಹಂಚುತ್ತಾನೆ. ‘ಹೊಳೆಸಾಲು’ ಯಾಕೆ ಬರುತ್ತಿಲ್ಲವೆಂದು ಒಂದು ಮನೆಯವರೂ ಕೇಳಿಲ್ಲವೆಂದು ನನಗೆ ಹೇಳಿದ. ಬಕ್ಕೇಶಪ್ಪನವರು ಬೆಳಿಗ್ಗೆ ಜಗಲಿಯಿಂದಲೇ ಅವನ ಸೈಕಲ್ ನಿಲ್ಲಿಸುತ್ತಾರಂತೆ.

‘ಯಾರಾದ್ರೂ ಕೇಳಿದ್ರೇನೋ?’

‘ಇವತ್ತೂ ಇಬ್ರು ಕೇಳಿದ್ರು ಸಾಹೇಬ್ರ,’ ಅನ್ನುತ್ತಾನೆ.

ಯಾರು ಎಂದು ಅವರು ಕೇಳುವುದಿಲ್ಲ.