ಹೊಸ ಆಲ್ಬಂನ ಪರಪರ ಸದ್ದು

ಗೆಳೆಯರೇ, ನಮ್ಮ ಮೆಚ್ಚಿನ ರಾಕ್ ಬ್ಯಾಂಡಿನ ಹೊಸ ಆಲ್ಬಂ ಇವತ್ತು ನಮ್ಮೂರಿನ ಜಗತ್ ಬಡಾವಣೆಯ ಸಿಡಿ ಅಂಗಡಿಗೆ ಬಂತು. ಅದನ್ನು ಕೇಳಲೆಂದೇ ಗೆಳೆಯ ಶರಣು ಕಮಲಾಪುರದಿಂದ ಬಸ್ಸು ಹತ್ತಿ ಬಂದಿದ್ದ. ಅಂಗಡಿಯ ಖಾಜಾಭಾಯಿ ದೊಡ್ಡ ಸ್ಪೀಕರಿನಲ್ಲಿ ಹಾಕಿದರು. ಡ್ರಮ್ ಬಡಿದಾಗಲೆಲ್ಲ ಹಾಡು ಪರಪರ ಎನ್ನುತ್ತಿತ್ತು.

"ಏನ್ ರೆಕಾರ್ಡಿಂಗ್ ಮಾಡ್ಯಾರೋ ಇದು? ಬರೀ ಗದ್ದಲ ಅದ," ಎಂದ ಶರಣು. ಅವನ ಮುಖ ಸಪ್ಪಗಾಗಿತ್ತು.

"ಬೇಕಂತನೇ ಹಂಗ ಮಾಡ್ಯಾರ. ರಾಕ್ ಅಂದ್ರ ಹಿಂಗೇ ಇರಬೇಕು," ಎಂದೆ ನಾನು.

"ನಿನ್ನ ಕಿವಿ ಹೋಗ್ಯಾವ. ಹಳೇ ಕ್ಯಾಸೆಟ್ಟಿನಾಗ ಗಿಟಾರ್ ಎಷ್ಟು ಸಾಫ್ ಕೇಳ್ತಿತ್ತು!"

ಇಬ್ಬರ ದನಿಯೂ ಏರಿತು. ಇನ್ನು ನನ್ನ ಜೊತೆ ಹಾಡೇ ಕೇಳುವುದಿಲ್ಲ ಎಂದುಬಿಟ್ಟ. ಅಷ್ಟರಲ್ಲಿ ಭಜನೆಯ ಸಿಡಿ ಕೊಳ್ಳಲು ಬಂದ ಹಿರಿಯರೊಬ್ಬರು, "ಖಾಜಾಭಾಯಿ, ನಿಮ್ಮ ಸ್ಪೀಕರ್ ಹರದದೇನ್ರಿ? ಮೊದ್ಲು ಬಂದ್ ಮಾಡ್ರಿ," ಎಂದರು.

ಶರಣು ಗರಕ್ಕನೆ ಅವರತ್ತ ತಿರುಗಿದ. "ಸ್ಪೀಕರ್ ಛಲೋ ಅದ ರೀ ಕಾಕಾ. ಹಾಡೇ ಹಂಗದ. ನಿಮಗ ತಿಳಿಯಂಗಿಲ್ಲ."

ಆ ಸಿಡಿಯನ್ನು ಅವನೇ ಕೊಂಡ. ಬಸ್ ನಿಲ್ದಾಣ ಮುಟ್ಟುವವರೆಗೂ ನನ್ನೆದುರು ಅದನ್ನೇ ಬೈದ.

ಆಲ್ಬಂ ಹೇಗಿದೆ ಎಂದು ಅವನನ್ನು ಕೇಳುವವರಿದ್ದರೆ, ನೀವು ಅಭಿಮಾನಿಯೋ ಅಲ್ಲವೋ ಎಂಬುದನ್ನು ಮೊದಲೇ ಹೇಳಿಬಿಡಿ. ಉತ್ತರ ಅದರ ಮೇಲಿದೆ.