ಮಂದಿರದ ಬ್ಯಾಂಜೋ ಮತ್ತು ಹುಕ್ರಪ್ಪ

ಪುತ್ತಿಗೆಯ ಹುಕ್ರಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಹೌದು, ಸಿಟ್ಟಿತ್ತು. ಬ್ಯಾಂಜೋದ ಕೀಗಳಿಗೆ ತೆಂಗಿನೆಣ್ಣೆ ಬಿಟ್ಟು ತಂದವರಿಗೆ ಅವನು ಬೈಯುತ್ತಿದ್ದುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. "ಇದೆಂತ ನಿಮ್ಮ ತಲೆಯಾ, ಎಣ್ಣೆ ಹಚ್ಚಿ ಬಾಚ್ಲಿಕ್ಕೆ?" ಎಂದು ಕೇಳಿ, ಅಂಟಿದ ಕೊಳೆಯನ್ನು ಬೆಂಕಿಕಡ್ಡಿಯಿಂದ ಕೆರೆದು ಅವರ ಮೂಗಿನೆದುರು ಹಿಡಿಯುತ್ತಿದ್ದ. ಆದರೆ ನಿಜವಾಗಿ ಸಿಟ್ಟು ಬರಬೇಕಾದಲ್ಲಿ ಹತ್ತು ವರ್ಷ ಸುಮ್ಮನಿದ್ದ. ಅದನ್ನು ಮಾತ್ರ ಊರಿನವರು ಹೇಳುವುದಿಲ್ಲ.

ಅವನ ಕಸುಬು ಬಡಗಿ ಕೆಲಸ. ಬ್ಯಾಂಜೋ ಅವನಿಗೆ ಹುಚ್ಚು. ನಮ್ಮ ಕಡೆ ಬ್ಯಾಂಜೋ ಎಂದರೆ ಟೈಪ್‌ರೈಟರಿನಂತೆ ಕೀಗಳಿರುವ ಉದ್ದನೆಯ ಪೆಟ್ಟಿಗೆ. ಎಡಗೈಯಲ್ಲಿ ಕೀ ಒತ್ತಿ ಬಲಗೈಯಲ್ಲಿ ತಂತಿ ಮೀಟಬೇಕು. ಕೀ ಒತ್ತಿದಾಗ ಅದರ ತಗಡು ತಂತಿಯ ಮೇಲೆ ನೆಟ್ಟಗೆ ಕೂರಬೇಕು, ಬಿಟ್ಟ ಕೂಡಲೇ ಮೇಲೆ ಬರಬೇಕು. ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ ಕುದುರೆ ಎನ್ನುತ್ತಾರೆ. ಅದು ತಗ್ಗಾದರೆ ತಂತಿ ಗುರುಗುಟ್ಟುತ್ತದೆ, ಎತ್ತರವಾದರೆ ಒತ್ತಿದ ಸ್ವರವೆಲ್ಲ ಏರಿಬಿಡುತ್ತದೆ. ಅಂಗಡಿಯಿಂದ ಬಂದ ಕುದುರೆಯನ್ನು ಹುಕ್ರಪ್ಪ ಕಿತ್ತೆಸೆಯುತ್ತಿದ್ದ. ಬೀಟಿ ಮರದ ತುಂಡು ತಂದು, ಉಜ್ಜಿ, ಕೂರಿಸಿ, ಕೇಳಿ, ಮತ್ತೆ ತೆಗೆದು ಉಜ್ಜುತ್ತಿದ್ದ. ಅವನು ಕೂರಿಸಿದ ಬ್ಯಾಂಜೋದಲ್ಲಿ ಸ್ವರ ಒಡೆಯುತ್ತಿರಲಿಲ್ಲ. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಬ್ಯಾಂಜೋ ಇದ್ದವರೆಲ್ಲ ಅವನ ಮನೆ ಹುಡುಕಿಕೊಂಡು ಬರುತ್ತಿದ್ದರು.

ನಮ್ಮ ಭಜನಾ ಮಂಡಳಿಗೂ ಒಂದು ಬ್ಯಾಂಜೋ ಇತ್ತು. ನಾನು ಶಾಲೆಯಲ್ಲಿ ಮಾಸ್ಟ್ರು, ಮಂಡಳಿಯಲ್ಲಿ ತಬಲಾ. ಮಂಡಳಿಯ ಅಧ್ಯಕ್ಷರು ಉದಯಶಂಕರ ರಾಯರು. ಬ್ಯಾಂಜೋ ನುಡಿಸುವವನು ಅವರ ತಮ್ಮನ ಮಗ ದೇವಿಪ್ರಸಾದ್. ಆ ಹತ್ತು ವರ್ಷವೂ ಹುಕ್ರಪ್ಪ ಬಂದಾಗ ಬ್ಯಾಂಜೋವನ್ನು ಮಂದಿರದ ಒಳಗಿಂದ ಜಗಲಿಗೆ ತಂದುಕೊಡುತ್ತಿದ್ದರು. ಅವನು ಹೊರಗೇ ಕೂತು ಸರಿ ಮಾಡಿ, ಒಂದು ಭಜನೆ ಪೂರ್ತಿ ನುಡಿಸಿ ನೋಡುತ್ತಿದ್ದ. ದೇವಿಪ್ರಸಾದ್ ಏಳು ಜನ್ಮ ಎತ್ತಿದರೂ ಹಾಗೆ ನುಡಿಸಲಾರ. ಹುಕ್ರಪ್ಪ ಗೇಟು ದಾಟಿದ ಮೇಲೆ ರಾಯರು ಬ್ಯಾಂಜೋದ ಮೇಲೆ ತುಳಸಿ ಹಾಕಿದ ತೀರ್ಥ ಪ್ರೋಕ್ಷಣೆ ಮಾಡಿ, ಆಮೇಲೆ ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ಅವನು ಯಾವ ಜಾತಿಯವನೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಉಕ್ಕಿನ ತಂತಿಗೆ ನೀರು ಬಿದ್ದರೆ ತುಕ್ಕು ಹಿಡಿಯದೆ ಇರುತ್ತದೆಯೇ? "ನಾನು ಹಾಕಿದ ತಂತಿ ಎಲ್ಲ ಕಡೆ ವರ್ಷ ಬಾಳ್ತದೆ, ಇಲ್ಲಿ ಮಾತ್ರ ತಿಂಗಳೂ ಇಲ್ಲ. ಎಂತ ಮಾಡ್ತೀರಿ ನೀವು?" ಎಂದು ಅವನು ಕೇಳಿದಾಗಲೆಲ್ಲ ನಾವು ಥಂಡಿ ಹವೆ ಎಂದೆವು. ನಾನೂ ಹಾಗೇ ಹೇಳಿದೆ. ದೇವಿಪ್ರಸಾದ್ ಅಂತೂ ಅಪಸ್ವರ ಬಂದಾಗಲೆಲ್ಲ ಹುಕ್ರಪ್ಪನ ಕೆಲಸವೇ ಸರಿಯಿಲ್ಲ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹುಕ್ರಪ್ಪನಿಗೆ ಇದ್ದದ್ದು ಒಂದೇ ಆಸೆ. ಒಮ್ಮೆ ವೇದಿಕೆಯಲ್ಲಿ ಕೂತು ಒಂದು ಭಜನೆ ನುಡಿಸಬೇಕು. ೨೦೦೧ರಲ್ಲಿ ಬಂಟ್ವಾಳದಲ್ಲಿ ಭಜನಾ ಸ್ಪರ್ಧೆ ಇಟ್ಟಾಗ ಅವನು ರಾಯರನ್ನು ಬಾಯಿಬಿಟ್ಟು ಕೇಳಿದ. ರಾಯರು "ನೋಡುವ" ಎಂದರು. ಪಾಪ, ಅವನು ಅದನ್ನು ನಂಬಿದ. ಶುಕ್ರವಾರ ಬಂದು ಎಲ್ಲ ತಂತಿ ಹೊಸದು ಹಾಕಿ, ಹೊಸ ಕುದುರೆ ಕೂರಿಸಿಕೊಟ್ಟ. ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಮ್ಮ ಜೀಪಿನ ಹಿಂದಿನ ಸೀಟಿನಲ್ಲಿ ಬಂದ.

ಬಂಟ್ವಾಳದಲ್ಲಿ ವೇದಿಕೆಯ ಹಿಂದೆ ಬ್ಯಾಂಜೋ ಪೆಟ್ಟಿಗೆ ತೆರೆದರೆ ಕೀಗಳು ಒತ್ತಿದಲ್ಲೇ ಕೂತುಬಿಟ್ಟಿದ್ದವು. ಶನಿವಾರ ಕೀ ಬಿಗಿಯಾಯಿತೆಂದು ದೇವಿಪ್ರಸಾದ್ ತೆಂಗಿನೆಣ್ಣೆ ಬಿಟ್ಟಿದ್ದ. ನಮ್ಮ ಸರದಿಗೆ ಇನ್ನು ಮುಕ್ಕಾಲು ಗಂಟೆ ಇತ್ತು. ಹುಕ್ರಪ್ಪ ಬೈದುಕೊಂಡೇ ಮೇಲಿನ ತಗಡು ಬಿಚ್ಚಿದ. ಎರಡು ದಿನದ ತಂತಿಯ ಮೇಲೆ ಕೆಂಪು ಚುಕ್ಕೆಗಳಿದ್ದವು. ಕೀಗಳ ಅಡಿಯಲ್ಲಿ ತುಳಸಿ ಎಲೆಯೊಂದು ಅಂಟಿಕೊಂಡಿತ್ತು.

ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದ. "ಪ್ರತಿ ಸಲವೂ ಉಂಟಾ ಮಾಸ್ಟ್ರೆ?" ಎಂದ.

ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಒಂದೊಂದೇ ಕೀ ಬಿಚ್ಚಿ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ. ತುಕ್ಕಿನ ತಂತಿ ಬದಲಿಸಿ, ಹಾರ್ಮೋನಿಯಂ ಸ್ವರಕ್ಕೆ ಸೇರಿಸಿ, ಒಮ್ಮೆ ಮೀಟಿದ. ಪಕ್ಕದ ಮಂಡಳಿಯವರು ಮಾತು ನಿಲ್ಲಿಸಿ ಇತ್ತ ತಿರುಗಿದರು.

"ರಾಯರೆ, ಎರಡು ಕೀಯ ಸ್ಪ್ರಿಂಗ್ ಹೋಗಿದೆ. ನುಡಿಸ್ತಾ ನುಡಿಸ್ತಾ ಬೆರಳಲ್ಲೇ ಎತ್ತಬೇಕು. ದೇವಿಪ್ರಸಾದಣ್ಣನಿಗೆ ಅದು ಆಗ್ಲಿಕ್ಕಿಲ್ಲ. ನಾನು ಕೂತ್ಕೊಳ್ತೇನೆ."

"ಪಟ್ಟಿಯಲ್ಲಿ ನಿನ್ನ ಹೆಸರು ಇಲ್ಲ ಮಾರಾಯ," ಎಂದರು ರಾಯರು.

ಸ್ಪರ್ಧೆಗೆ ಕೊಡುವ ತಂಡದ ಆ ಪಟ್ಟಿ ಬರೆದವನು ನಾನು. ಅದು ನನ್ನ ಕೈಯಲ್ಲೇ ಇತ್ತು. ಹೆಸರು ಸೇರಿಸಲು ಅಲ್ಲಿ ಯಾರ ಅಡ್ಡಿಯೂ ಇರಲಿಲ್ಲ. ನಮಗಿಂತ ಮೊದಲಿನ ತಂಡದವರು ನನ್ನ ಕಣ್ಣೆದುರೇ ಇಬ್ಬರನ್ನು ಸೇರಿಸಿದ್ದರು. ರಾಯರು ನನ್ನನ್ನು ನೋಡಿದರು. ನಾನು ತಬಲಾದ ಬಾರು ಬಿಗಿಯುವಂತೆ ನಟಿಸಿದೆ. ಥೂ ನನ್ನ ಜನ್ಮಕ್ಕೆ.

ಹುಕ್ರಪ್ಪ ತಂತಿ ಸಡಿಲಿಸಿ ಕುದುರೆಯನ್ನು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. "ಮರ ನನ್ನದು, ಕೆಲಸ ನನ್ನದು. ಪೆಟ್ಟಿಗೆ ನಿಮ್ಮದು, ತಕ್ಕೊಳ್ಳಿ," ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಕುದುರೆಯಿಲ್ಲದ ಬ್ಯಾಂಜೋದಲ್ಲಿ ಸೊಳ್ಳೆಯ ಸ್ವರವೂ ಹೊರಡುವುದಿಲ್ಲ. ಅವನನ್ನು ಕರೆಯಿರಿ ಎಂದು ಒಬ್ಬರೂ ಹೇಳಲಿಲ್ಲ. ಬ್ಯಾಂಜೋ ಇಲ್ಲದೆ ಹಾಡಿದೆವು, ಸೋತೆವು, ಜೀಪಿನಲ್ಲಿ ದಾರಿಯುದ್ದಕ್ಕೂ ಅವನ ಅಹಂಕಾರವನ್ನು ಬೈದೆವು. ನಾನು ಬೈಯಲಿಲ್ಲ ಎಂದು ಹೇಳಿಕೊಳ್ಳಬಹುದು, ಆದರೆ ಬೈಯುವವರನ್ನು ತಡೆಯಲೂ ಇಲ್ಲ.

ಮೂರು ವರ್ಷದ ಮೇಲೆ ಕನ್ಯಾನದಲ್ಲಿ ಒಂದು ಮದುವೆಗೆ ಹೋಗಿದ್ದೆ. ಇಬ್ರಾಹಿಂ ಖಲೀಲ್ ಎಂಬವರ ಹಾಡಿನ ತಂಡ ಬಂದಿತ್ತು. ವೇದಿಕೆಯ ನಟ್ಟನಡುವೆ ಹುಕ್ರಪ್ಪ ಕೂತು ಬ್ಯಾಂಜೋ ನುಡಿಸುತ್ತಿದ್ದ. ಖಲೀಲರು ಬ್ಯಾಂಜೋ ಸರಿ ಮಾಡಿಸಲು ಅವನ ಮನೆಗೆ ಹೋದವರು, ಅವನು ನುಡಿಸಿದ್ದನ್ನು ಕೇಳಿ ಅವನನ್ನೇ ಕರೆದುಕೊಂಡು ಬಂದಿದ್ದರು. ಹಾಡುಗಳ ನಡುವೆ ಅವನು ಚಹಾಕ್ಕೆ ಕೆಳಗಿಳಿದಾಗ ಹತ್ತಿರ ಹೋದೆ. ರಾಯರನ್ನು ಬಾಯಿಗೆ ಬಂದಂತೆ ಬೈದೆ. ಅವರು ಮಾಡಿದ್ದು ದೊಡ್ಡ ಅನ್ಯಾಯ ಎಂದೆ.

ಅವನು ಚಹಾ ಮುಗಿಸುವವರೆಗೂ ಕೇಳಿಸಿಕೊಂಡ.

"ರಾಯರು ಹಾಗೆ ಅಂತ ನನಗೆ ಮೊದಲೇ ಗೊತ್ತುಂಟು," ಎಂದ. "ಪೆನ್ನು ನಿಮ್ಮ ಕಿಸೆಯಲ್ಲಿ ಇತ್ತಲ್ಲ ಮಾಸ್ಟ್ರೆ."

ಗ್ಲಾಸು ಕೆಳಗಿಟ್ಟು ಮತ್ತೆ ವೇದಿಕೆ ಹತ್ತಿದ.